ಒಡೆಯದ ಪೊರೆ

ಕೈ ತೊಳೆಯಲು ಸರ್ವಮಂಗಳಾ ಆ ಬೆಳಿಗ್ಗೆ ಬೇಕಾದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು, ಮತ್ತೆ ಬೆರಳ ಸಂದಿ. ಹೀಗೆ ಉಜ್ಜುತ್ತಿದ್ದರೆ ಚರ್ಮವೇ ಕಿತ್ತು ಬರಬೇಕು. ಗೋಡೆಯ ಆಚೆ, ಇನ್‌ಕ್ಯುಬೇಟರಿನ ಕತ್ತಲಲ್ಲಿ, ಹೊಟ್ಟೆಯೊಳಗಿನ ಬಿಸಿಯಷ್ಟೇ ಬಿಸಿಯಲ್ಲಿ, ಸ್ಪಂದನಾ ಎಂಬ ಹುಡುಗಿಯ ಏಳು ಅಂಡಗಳು ರಾತ್ರಿಯಿಡೀ ಕೂತಿದ್ದವು. ಅವನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅವಳ ಗಂಡನ ವೀರ್ಯಾಣುವಿನ ಜೊತೆ ಕೂಡಿವೆಯೋ ಇಲ್ಲವೋ ನೋಡಿ, ಮನೆಗೆ ಫೋನ್ ಮಾಡಿ ಹೇಳಬೇಕು. ಜಯನಗರದ ಈ ಫರ್ಟಿಲಿಟಿ ಸೆಂಟರಿನಲ್ಲಿ ವರ್ಷಗಳಿಂದ ಬೆಳಗಾದರೆ ಅವಳು ಮಾಡುತ್ತ ಬಂದಿರುವುದು ಇದನ್ನೇ. ಬೇರೆ ದಿನಗಳಲ್ಲಿ ಈ ಹೊತ್ತಿಗೆ ಅವಳಲ್ಲೊಂದು ಸಣ್ಣ ಆತುರವಿರುತ್ತಿತ್ತು, ರಾತ್ರಿ ಹೆಪ್ಪು ಹಾಕಿಟ್ಟ ಪಾತ್ರೆಯ ಮುಚ್ಚಳ ತೆಗೆಯುವಾಗ ಇರುವಂಥದು. ಇವತ್ತು ಅದಿರಲಿಲ್ಲ. ಮುಚ್ಚಳ ತೆಗೆದರೆ ಏನು ಕಾಣುತ್ತದೆಂಬುದು ಅವಳಿಗೆ ನಿನ್ನೆ ಮಧ್ಯಾಹ್ನವೇ ಗೊತ್ತಿತ್ತು.

ಗೊತ್ತಿದ್ದೂ ಬಸ್ಸು ಹತ್ತಿ ಬಂದಿದ್ದಳು. ಗಿರಿನಗರದಿಂದ ಬರುವಾಗ ಪಕ್ಕದಲ್ಲಿ ಕೂತ ಹೆಂಗಸು ಮಡಿಲಲ್ಲಿ ಮಗು ಮಲಗಿಸಿಕೊಂಡು, ‘ಸ್ವಲ್ಪ ಹಿಡ್ಕೊಳ್ತೀರಾ ಅಕ್ಕ, ಟಿಕೆಟ್ ತಗೋತೀನಿ’ ಎಂದು ಅದನ್ನು ಇವಳ ಕೈಗೆ ಹಾಕಿದಳು. ಬೆವರಿದ ತಲೆ, ಹಾಲಿನ ಹುಳಿ ವಾಸನೆ. ಮಗುವಿನ ತೂಕ ತೋಳಿಗೆ ಬಿದ್ದದ್ದೇ ಸರ್ವಮಂಗಳಾಗೆ, ಈಕೆಗೆ ನಾನು ಯಾರೆಂದು ಗೊತ್ತಿದ್ದರೆ ಕೊಡುತ್ತಿದ್ದಳೇ ಎನ್ನಿಸಿತು. ಹೀಗೆನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ನಾಲ್ಕು ದಿನದ ಹಿಂದೆ ಇಂಥ ಮಾತು ಅವಳ ತಲೆಯೊಳಗೆ ಇರಲಿಲ್ಲ. ಕಮಲಾದೇವಿ ತಂದು ಬಿತ್ತಿ ಹೋದದ್ದು ಅದು. ಬಿತ್ತಿದವಳು ಮರೆತಿರಬಹುದು, ಮೊಳಕೆ ಮಾತ್ರ ಇವಳ ತಲೆಯೊಳಗೆ ಬರುತ್ತಿತ್ತು.

ಕಮಲಾದೇವಿ ಎಂದರೆ ಸ್ಪಂದನಾಳ ಅತ್ತೆ. ಬೊಮ್ಮನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ, ಜೆ.ಪಿ. ನಗರದಲ್ಲಿ ಮನೆ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಕೆಟ್ಟ ಹೆಂಗಸಲ್ಲ. ಸೊಸೆಗೆ ಇಂಜೆಕ್ಷನ್ ಚುಚ್ಚಿದ ಜಾಗಕ್ಕೆ ತಾನೇ ಬಿಸಿ ಬಟ್ಟೆ ಒತ್ತುತ್ತಿದ್ದಳು, ಕಾಯುವ ಕೋಣೆಯಲ್ಲಿ ಕೂತವರಿಗೆಲ್ಲ ಕೋಡುಬಳೆ ಹಂಚುತ್ತಿದ್ದಳು. ಸರ್ವಮಂಗಳಾಗೂ ಹಂಚಿದ್ದಳು. ಹಂಚುತ್ತ ಹಂಚುತ್ತಲೇ ಊರು ಯಾವುದು, ಯಾರ ಪೈಕಿ ಎಂದು ಕೇಳಿ, ತಮ್ಮವರೇ ಎಂದು ತಿಳಿದಾಗ ಮುಖವರಳಿಸಿ, ‘ಹಂಗಾದ್ರೆ ನೀನು ನಮ್ ಹುಡುಗೀನೇ ಆದೆ. ನನ್ ಮೊಮ್ಮಗೂನ ಮಾಡೋಳು ನೀನೇನಾ? ಯಜಮಾನ್ರು ಏನ್ ಮಾಡ್ತಾರಮ್ಮ?’ ಎಂದಿದ್ದಳು. ಸುಳ್ಳು ಹೇಳಬಹುದಿತ್ತು. ಬ್ಯಾಂಕಿನಲ್ಲಿದ್ದಾರೆ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು, ಸದಾಶಿವ ಇದ್ದಿದ್ದರೆ ಈಗಲೂ ಬ್ಯಾಂಕಿನಲ್ಲೇ ಇರುತ್ತಿದ್ದ. ಆದರೆ ಕೋಡುಬಳೆ ಬಾಯಲ್ಲಿತ್ತು, ಅಗಿಯುತ್ತಲೇ, ‘ಅವರು ಹೋಗ್ಬಿಟ್ರು’ ಎಂದಳು. ಕಮಲಾದೇವಿಯ ಮುಖ ಮುದುಡಲಿಲ್ಲ, ಕೈ ಮಾತ್ರ ಡಬ್ಬಿಯ ಮುಚ್ಚಳ ಹುಡುಕಿತು. ‘ಅಯ್ಯೋ ಶಿವನೇ’ ಎಂದಳು. ಆ ದನಿಯಲ್ಲಿ ಕನಿಕರವಿತ್ತು. ಕನಿಕರವಿಲ್ಲದೆ ಬೈದಿದ್ದರೆ ವಾಸಿಯಿತ್ತು.

ಮಾರನೆಯ ದಿನ ಡಾಕ್ಟರ್ ಚೂಡಾಮಣಿ ಒಳಗೆ ಕರೆದರು. ಈ ಸೆಂಟರು ಅವರದು. ಹೆಂಗಸರ ಹೊಟ್ಟೆಯಿಂದ ಅಂಡ ತೆಗೆದು ಲ್ಯಾಬಿಗೆ ಕೊಡುವವರೆಗೆ ಅವರ ಕೆಲಸ, ಅಲ್ಲಿಂದಾಚೆಗೆ ಸರ್ವಮಂಗಳಾಳದು. ‘ಕೂತ್ಕೋ ಸರ್ವಾ’ ಎಂದು, ಮೇಜಿನ ಮೇಲಿನ ಪೆನ್ನನ್ನು ಅಲ್ಲಿಂದಿಲ್ಲಿಗೆ ಇಟ್ಟು, ‘ಸ್ಪಂದನಾ ಕೇಸಲ್ಲಿ ಆ ಅಜ್ಜಿ ಒಂದು ರಿಕ್ವೆಸ್ಟ್ ಇಟ್ಟಿದ್ದಾರೆ. ನಿನಗೆ ಹೇಗೆ ಹೇಳ್ಲಿ ಅಂತಾನೇ ಗೊತ್ತಾಗ್ತಿಲ್ಲ’ ಎಂದರು. ಹೇಗೆ ಹೇಳಲಿ ಅನ್ನುವವರು ಹೇಳದೆ ಬಿಡುವುದಿಲ್ಲ. ಕೂಡಿಸುವ ಕೆಲಸ ಮುತ್ತೈದೆಯ ಕೈಯಲ್ಲಿ ಆಗಬೇಕಂತೆ. ‘ನಮ್ಮಲ್ಲಿ ಸೂತಕ ಗೀತಕ ಏನೂ ಇಲ್ಲ ಡಾಕ್ಟ್ರೇ, ಶರಣರು ಬೇಡ ಅಂದವ್ರೆ. ಆದ್ರೂ ಮದ್ವೆಲಿ ಹಸೆ ಬರೆಯೋಕೇ ಐದು ಜನ ಮುತ್ತೈದೇರ್ನ ಕರೀತೀವಿ, ಇದು ಅದಕ್ಕಿಂತ ದೊಡ್ಡದಲ್ವಾ’ ಅಂದರಂತೆ. ಡಾಕ್ಟರ್ ಆ ದನಿಯನ್ನು ಅಣಕಿಸಿ ನಕ್ಕರು, ಸರ್ವಮಂಗಳಾ ಜೊತೆಗೂಡಿ ನಗಲೆಂದು ಕಾದರು. ‘ನಾನ್ಸೆನ್ಸ್, ನನಗೂ ಗೊತ್ತು. ಆದ್ರೆ ಅವರಿಗೊಂದು ಮನಸ್ಸಮಾಧಾನ. ನಿನ್ ಕೈಕೆಳಗೆ ಕಲೀತಿದಾಳಲ್ಲ ಅರ್ಪಿತ, ಅವಳು ಮಾಡ್ಲಿ. ಪಕ್ಕದಲ್ಲಿ ಹೇಗಿದ್ರೂ ನೀನಿರ್ತೀಯಲ್ಲ.’ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಡಾಕ್ಟರ್ ಚೂಡಾಮಣಿ ಈ ಕಲೆಯಲ್ಲೇ ಮೇಲೆ ಬಂದವರು. ಸರ್ವಮಂಗಳಾ, ‘ಆಯ್ತು ಮೇಡಂ’ ಎಂದಳು. ಇಷ್ಟು ಬೇಗ ಒಪ್ಪಿದ್ದಕ್ಕೆ ಡಾಕ್ಟರಿಗೇ ಮುಜುಗರವಾದಂತಿತ್ತು.

ಅವಳು ಒಪ್ಪುವುದೇ ಹಾಗೆ. ಸದಾಶಿವ ಹೋದ ಮೂರನೇ ದಿನ ಗಿರಿನಗರದ ಮನೆಯ ನಡುಕೋಣೆಯಲ್ಲಿ ಹೆಂಗಸರು ಗುಸುಗುಸು ಮಾಡುತ್ತಿದ್ದಾಗ ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ‘ಈ ಕಾಲದಲ್ಲಿ ಯಾರು ಮಾಡ್ತಾರೆ ಅದನ್ನೆಲ್ಲ? ನನ್ ಸೊಸೆ ಕೈ ನಾನು ಬರಿದು ಮಾಡಲ್ಲ’ ಎಂದು ಅತ್ತೆ ಜೋರಾಗಿ ಅಂದದ್ದು ಬಾಗಿಲ ಒಳಕ್ಕೂ ಕೇಳಿಸಿತು. ಆದರೆ ಅಷ್ಟು ಹೊತ್ತಿಗೆ ಅವಳು ಸೋಪು ಹಚ್ಚಿ, ಬಳೆಗಳನ್ನು ಒಂದೊಂದಾಗಿ ಜಾರಿಸಿ, ಸಿಂಕಿನ ಅಂಚಿನಲ್ಲಿ ಸಾಲಾಗಿ ಇಟ್ಟಾಗಿತ್ತು. ಯಾರಾದರೂ ಕೇಳಿಬಿಟ್ಟಾರೆಂಬ ಭಯಕ್ಕೆ ಕೇಳುವ ಮೊದಲೇ ಕೊಟ್ಟುಬಿಡುವುದು. ಅತ್ತೆ ಆಮೇಲೆ ಆ ಬರಿಗೈ ನೋಡಿ ಅತ್ತದ್ದು ಮಗನಿಗಾಗಿ ಅತ್ತದ್ದಕ್ಕಿಂತ ಹೆಚ್ಚು.

ಅವಳು ನಲ್ಲಿ ನಿಲ್ಲಿಸಿ, ತಲೆಗೆ ಟೋಪಿ, ಬಾಯಿಗೆ ಮಾಸ್ಕ್, ಮೈಗೆ ನೀಲಿ ಗೌನು ಹಾಕಿಕೊಂಡಳು. ಈ ಬಾಗಿಲಿನ ಒಳಗೆ ಸೆಂಟಿಲ್ಲ, ಹೂವಿಲ್ಲ, ಬಳೆಯಿಲ್ಲ. ವಾಸನೆ ಸೋಂಕಿದರೂ ಅಂಡಕ್ಕೆ ಕೇಡು. ಮೊನ್ನೆ ಮೊನ್ನೆ ಮದುವೆಯಾದ ಅರ್ಪಿತಳೂ ಬಾಗಿಲಲ್ಲಿ ಮಲ್ಲಿಗೆ ತೆಗೆದಿಟ್ಟು, ಬಳೆ ಬಿಚ್ಚಿಟ್ಟು ಒಳಗೆ ಬರಬೇಕು. ಒಳಗೆ ಬಂದ ಹೆಂಗಸರೆಲ್ಲ ಕಣ್ಣೆರಡು ಬಿಟ್ಟರೆ ಒಂದೇ. ಎಷ್ಟೋ ವರ್ಷ ಸರ್ವಮಂಗಳಾಗೆ ಈ ಕೋಣೆಯೇ ನೆಮ್ಮದಿಯಾಗಿದ್ದದ್ದು ಇದಕ್ಕೇ ಇರಬೇಕು, ಹೊರಗೆ ಅವಳೊಬ್ಬಳ ಪಾಲಿಗೆ ಬಂದದ್ದನ್ನು ಇಲ್ಲಿ ಎಲ್ಲರೂ ಹಂಚಿಕೊಳ್ಳಬೇಕಿತ್ತು. ನಿನ್ನೆ ಮಾತ್ರ ಅರ್ಪಿತ ಗೌನಿನ ತೋಳಿನೊಳಗೆ ಹಸಿರು ಗಾಜಿನ ಬಳೆ ತೊಟ್ಟೇ ಬಂದಿದ್ದಳು. ಕಮಲಾದೇವಿ ಬನಶಂಕರಿ ಅಮ್ಮನ ಗುಡಿಯಿಂದ ತಂದು ಕೈಯಾರೆ ತೊಡಿಸಿದ್ದು. ಮಾಸ್ಕಿನ ಮೇಲೆ, ಟೋಪಿಯ ಅಂಚಿನ ಕೆಳಗೆ, ಕುಂಕುಮದ ಕೆಂಪು ಇಣುಕುತ್ತಿತ್ತು. ‘ತೆಗೀಬೇಡ ಅಂತ ಆಣೆ ಹಾಕಿಸ್ಕೊಂಡ್ರು ಮೇಡಂ. ತೆಗೆದ್‌ಬಿಡ್ಲಾ?’ ಎಂದು ಕೇಳಿದಳು. ತೆಗಿ ಎಂದು ಹೇಳುವುದು ಸರ್ವಮಂಗಳಾಳ ಕೆಲಸವಾಗಿತ್ತು. ‘ನಿನ್ನಿಷ್ಟ’ ಎಂದಳು.

ಅದಕ್ಕೂ ಮೊದಲು, ನಿನ್ನೆ ಬೆಳಿಗ್ಗೆ, ಅಂಡ ತೆಗೆಯುವ ಟೇಬಲಿನ ಮೇಲೆ ಸ್ಪಂದನಾ ಮಲಗಿದ್ದಳು. ಹಸಿರು ಬಟ್ಟೆ ಹೊದ್ದು, ಕಾಲು ಮೇಲೆ ಕಟ್ಟಿಸಿಕೊಂಡು, ಚಳಿಗೋ ಭಯಕ್ಕೋ ಹಲ್ಲು ಕಟಕಟ ಅನ್ನುತ್ತಿತ್ತು. ಹೆಸರು ಸರಿಯಿದೆಯೇ ಎಂದು ಕೇಳಲು ಹೋದ ಸರ್ವಮಂಗಳಾಳ ಕೈ ಹಿಡಿದುಕೊಂಡಳು. ‘ಅಕ್ಕ, ನಮ್ಮತ್ತೆ ಏನೋ ಹೇಳಿದ್ರಂತೆ. ನಂಗೆ ತುಂಬ ನಾಚಿಕೆ ಆಯ್ತು. ನೀವು ಮನಸ್ಸಿಗೆ ಹಚ್ಕೋಬೇಡಿ. ನೀವೇ ಮಾಡಿ ಅಕ್ಕ. ನಾನು ಯಾರಿಗೂ ಹೇಳಲ್ಲ. ನಿಮ್ ಕೈಯೇ ಆಗ್ಲಿ.’ ಅರಿವಳಿಕೆ ಕೊಡುವವರು ಆಗಲೇ ಸೂಜಿ ಹಿಡಿದು ನಿಂತಿದ್ದರು. ಸರ್ವಮಂಗಳಾ ತಲೆಯಾಡಿಸಿದಳು. ಹೌದು ಎಂದೇ ಆಡಿಸಿದಳು. ಆ ಹುಡುಗಿ ಕಣ್ಣು ಮುಚ್ಚುವ ಮೊದಲು ನಕ್ಕಳು. ನಿದ್ದೆಗೆ ಹೋದಮೇಲೂ ಹಿಡಿದ ಕೈ ಸಡಿಲಲಿಲ್ಲ, ನರ್ಸು ಬಿಡಿಸಬೇಕಾಯಿತು.

ಆಗ ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಪೇಷಂಟೇ ಹೀಗೆ ಕೇಳುತ್ತಿದ್ದಾಳೆ ಎಂದರೆ ಅವರೂ ಬೇಡವೆನ್ನುತ್ತಿರಲಿಲ್ಲ. ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ರಾತ್ರಿಯಿಡೀ ತನ್ನನ್ನು ತಾನು ಕೇಳಿಕೊಂಡು, ಮರೆತೆ, ಗಡಿಬಿಡಿಯಿತ್ತು, ಅಧಿಕಪ್ರಸಂಗವಾಗುತ್ತಿತ್ತು ಎಂದೆಲ್ಲ ಉತ್ತರ ಕೊಟ್ಟುಕೊಂಡು, ಬೆಳಗಿನ ಜಾವಕ್ಕೆ ಅವಳು ನಿಜವಾದದ್ದಕ್ಕೆ ಬಂದಿದ್ದಳು. ಅರ್ಪಿತಳ ಕೈಯಲ್ಲಿ ಅದು ಕೆಡಲಿ ಎಂದು ಅವಳಿಗೆ ಆಸೆಯಾಗಿತ್ತು. ಮುತ್ತೈದೆಯ ಕೈ ಏನು ಮಾಡುತ್ತದೋ ನೋಡಿಕೊಳ್ಳಲಿ ಎಂಬ ಆಸೆ. ಇಷ್ಟು ಕೊಳಕು ಆಸೆ ತನ್ನೊಳಗೆ ಇರಬಹುದೆಂದು ನಲವತ್ತು ದಾಟಿದ ಮೇಲೆ ಗೊತ್ತಾಗುವುದು ಎಂಥ ಕರ್ಮ.

ಇನ್‌ಕ್ಯುಬೇಟರಿನ ಮುಂದೆ ನಿಂತಳು. ಬಾಗಿಲ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ಸೂಜಿಯಿಲ್ಲದೆ ಕೂಡುವುದನ್ನೂ ಅವಳು ಎಷ್ಟೋ ಸಲ ನೋಡಿದ್ದಳು. ಗಂಡನ ಕಡೆ ತೊಂದರೆಯಿಲ್ಲದಿದ್ದರೆ ಸೂಜಿ ಬೇಕಿಲ್ಲ, ಎರಡನ್ನೂ ಒಂದು ಹನಿಯಲ್ಲಿ ಬಿಟ್ಟರಾಯಿತು. ವೀರ್ಯಾಣುಗಳು ಅಂಡವನ್ನು ಮುತ್ತಿಕೊಂಡು ಬಾಲ ಬಡಿಯುತ್ತ ಬಡಿಯುತ್ತ ಅಷ್ಟು ದೊಡ್ಡ ಅಂಡವನ್ನೇ ನಿಧಾನಕ್ಕೆ ತಿರುಗಿಸುತ್ತವೆ. ಯಾವುದೋ ಒಂದು ಹೊರಗಿನ ದಪ್ಪ ಕವಚವನ್ನು ಕೊರೆದು ಒಳಗೆ ಬಂದು, ಒಳಗಿನ ತೆಳು ಪೊರೆಗೆ ಮೈ ತಾಗಿಸುತ್ತದೆ. ಇಲ್ಲಿಂದ ಮುಂದಿನದು ಕಣ್ಣಿಗೆ ಕಾಣುವುದಕ್ಕಿಂತ ಓದಿ ತಿಳಿದದ್ದೇ ಹೆಚ್ಚು, ಆದರೂ ಅವಳಿಗೆ ಕಂಡಂತೆಯೇ ಇತ್ತು. ಇದರ ಪೊರೆ ಅದರ ಪೊರೆಯನ್ನು ಗುರುತು ಹಿಡಿಯುತ್ತದೆ. ಗುರುತು ಸಿಕ್ಕದೆ ಹೋದರೆ ಎಷ್ಟು ಬಡಿದುಕೊಂಡರೂ ಇಲ್ಲ. ಸಿಕ್ಕಿತೋ, ಅಲ್ಲಿ ನುಗ್ಗುವುದೂ ಇಲ್ಲ, ಸೀಳುವುದೂ ಇಲ್ಲ, ಎರಡು ಪೊರೆ ಕರಗಿ ಒಂದೇ ಪೊರೆ. ಅಷ್ಟು ಹೊತ್ತು ಬಡಿಯುತ್ತಿದ್ದ ಬಾಲ ನಿಲ್ಲುತ್ತದೆ. ಕೂಡಲೇ ಅಂಡ ತನ್ನ ಕವಚವನ್ನು ಬಿಗಿ ಮಾಡಿ ಉಳಿದವುಗಳಿಗೆಲ್ಲ ಬಾಗಿಲು ಹಾಕುತ್ತದೆ. ಮುಹೂರ್ತವಿಲ್ಲ, ಹಸೆಯಿಲ್ಲ, ಯಾವ ಕೈಯೂ ಬೇಕಿಲ್ಲ. ಲ್ಯಾಬಿಗೆ ಹೊಸದಾಗಿ ಬಂದಾಗ ಇದನ್ನು ಸದಾಶಿವನಿಗೆ ಹೇಳಿದ್ದಳು. ಅವನು, ‘ಅಷ್ಟು ಜನದಲ್ಲಿ ಒಬ್ಬನಿಗೆ ಸೀಟು, ನಮ್ ಬ್ಯಾಂಕ್ ಪರೀಕ್ಷೆ ಇದ್ದಂಗಿದೆ’ ಎಂದು ನಕ್ಕಿದ್ದ. ಅವರಿಗೆ ಮಕ್ಕಳಾಗಲಿಲ್ಲ. ತನ್ನ ಲ್ಯಾಬಿನಲ್ಲೇ ತಾನು ಪೇಷಂಟಾಗಲು ಅವಳು ಇವತ್ತು ನಾಳೆ ಎನ್ನುತ್ತಿರುವಾಗಲೇ ಅವನು ಹೋಗಿಬಿಟ್ಟ.

ಸ್ಪಂದನಾಳ ಗಂಡ ಚಿದಾನಂದನ ವೀರ್ಯಾಣುಗಳಿಗೆ ಆ ಕಸುವಿರಲಿಲ್ಲ. ಅವು ಪೊರೆಯವರೆಗೂ ಬರುತ್ತಿರಲಿಲ್ಲ. ಇದನ್ನು ಮಾತ್ರ ಯಾರೂ ಕಮಲಾದೇವಿಗೆ ಹೇಳಿರಲಿಲ್ಲ, ಹೇಳಬಾರದೆಂದು ಚಿದಾನಂದ್ ಡಾಕ್ಟರ ಮುಂದೆ ಕೈಮುಗಿದಿದ್ದ. ಹಾಗಾಗಿ ಸೂಜಿ. ಕೂದಲಿಗಿಂತ ಸಣ್ಣ ಗಾಜಿನ ಸೂಜಿಯೊಳಗೆ ಒಂದೇ ಒಂದು ವೀರ್ಯಾಣುವನ್ನು ಎಳೆದುಕೊಂಡು, ಅಂಡದ ಒಳಗೇ ಒಯ್ದು ಬಿಟ್ಟು ಬರಬೇಕು. ಕಷ್ಟವಿರುವುದು ಪೊರೆಯಲ್ಲಿ. ಹಾಲಿನ ಕೆನೆಗೆ ಬೆರಳಿಟ್ಟರೆ ಅದು ಹರಿಯದೆ ಬೆರಳ ಜೊತೆಗೇ ಒಳಗೆ ಬಾಗುವುದಿಲ್ಲವೆ, ಹಾಗೆ ಪೊರೆ ಸೂಜಿಯ ತುದಿಯ ಜೊತೆ ಅಂಡದ ನಡುವಿನವರೆಗೂ ಹೋಗುತ್ತದೆ. ನೋಡುವವರಿಗೆ ಸೂಜಿ ಒಳಗಿದೆ ಎನ್ನಿಸುತ್ತದೆ. ಇಲ್ಲ, ಅದಿನ್ನೂ ಹೊರಗೇ. ಆಗ ಸೂಜಿಯೊಳಕ್ಕೆ ಸ್ವಲ್ಪ ಹೀರಿ ಎಳೆಯಬೇಕು, ಪೊರೆ ಒಡೆದು ಅಂಡದ ಒಳಗಿನ ದ್ರವ ಸರಕ್ಕನೆ ಸೂಜಿಗೆ ನುಗ್ಗಬೇಕು. ಆ ಒಂದು ಕುಲುಕು ಕಂಡರೆ ಒಡೆಯಿತೆಂದು ಲೆಕ್ಕ. ಕಾಣದಿದ್ದರೆ, ಸೂಜಿ ಹಿಂದಕ್ಕೆ ಬಂದ ಹಾಗೆ ಪೊರೆಯೂ ಹಿಂದಕ್ಕೆ ಬಂದು, ವೀರ್ಯಾಣು ಹೊಸ್ತಿಲಾಚೆಯೇ ಉಳಿಯುತ್ತದೆ.

ನಿನ್ನೆ ಅರ್ಪಿತ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತಿದ್ದಳು, ಸರ್ವಮಂಗಳಾ ಪಕ್ಕದಲ್ಲಿ ಮಾನಿಟರ್ ನೋಡುತ್ತ ನಿಂತಿದ್ದಳು. ಲ್ಯಾಬಿನ ನಿಯಮವೇ ಅದು. ಒಬ್ಬರು ಕೂಡಿಸುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ತಟ್ಟೆಯ ಮೇಲಿನ ಹೆಸರು ಗಟ್ಟಿಯಾಗಿ ಓದಬೇಕು, ಯಾರದೋ ಯಾರಿಗೋ ಹೋಗದಂತೆ ಸಾಕ್ಷಿಯಾಗಿರಬೇಕು. ‘ಸ್ಪಂದನಾ, ಚಿದಾನಂದ್’ ಎಂದು ಓದಿದಳು. ಅರ್ಪಿತಳ ಬಳೆ ಸೂಜಿಯ ಹಿಡಿಕೆಗೆ ತಾಗಿ ಕಿಣಿ ಎಂದಿತು. ಬಳೆಗೆ ಹೆದರಿಯೇ ಇರಬೇಕು, ಹುಡುಗಿ ಮಣಿಕಟ್ಟನ್ನು ಬಿಗಿಹಿಡಿದು, ಅಂಡಕ್ಕೆ ಎಲ್ಲಿ ನೋವಾಗುತ್ತದೋ ಅನ್ನುವವಳ ಹಾಗೆ ಒಂಚೂರೇ ಒಂಚೂರು ಎಳೆದಳು. ಕುಲುಕಲಿಲ್ಲ. ಮಾನಿಟರಿನಲ್ಲಿ ಪೊರೆ ಸೂಜಿಯ ಜೊತೆ ಹೋಗಿ ಸೂಜಿಯ ಜೊತೆ ಬಂತು. ಅರ್ಪಿತ ಸೂಜಿ ತೆಗೆದು ಉಸಿರು ಬಿಟ್ಟು, ‘ಸರಿಯಾಯ್ತಾ ಮೇಡಂ?’ ಎಂದಳು. ಇನ್ನೂ ಸ್ವಲ್ಪ ಎಳಿ, ಒಡೀಲಿಲ್ಲ. ಇಷ್ಟೇ ಹೇಳಬೇಕಾಗಿದ್ದದ್ದು. ಅದು ನಾಲಿಗೆಯ ತುದಿಗೆ ಬಂದದ್ದೂ ನಿಜ. ‘ಮುಂದಿನದು ತಗೋ’ ಎಂದಳು ಸರ್ವಮಂಗಳಾ. ಎರಡನೆಯದಕ್ಕೆ ಹೇಳೋಣ ಎಂದುಕೊಂಡಳು. ಎರಡನೆಯದಕ್ಕೆ ಹೇಳಿದರೆ ಮೊದಲನೆಯದಕ್ಕೆ ಯಾಕೆ ಹೇಳಲಿಲ್ಲವೆಂದು ಆಗುತ್ತದೆ. ಮೂರನೆಯ ಹೊತ್ತಿಗೆ ಬಾಯಿ ತನ್ನದಲ್ಲ ಎನ್ನಿಸಿತ್ತು. ಏಳಕ್ಕೆ ಏಳೂ ಹಾಗೇ ಮುಗಿದವು. ಕೊನೆಯದು ಮುಗಿದಾಗ ಅರ್ಪಿತ ಸಂತೋಷಕ್ಕೆ ಕಣ್ಣಲ್ಲಿ ನೀರು ತಂದುಕೊಂಡು, ‘ನೀವು ಪಕ್ಕದಲ್ಲಿ ಇಲ್ದೇ ಇದ್ದಿದ್ರೆ ನನ್ ಕೈ ನಡುಗೋದು ಮೇಡಂ’ ಎಂದಳು.

ಇನ್‌ಕ್ಯುಬೇಟರಿನ ಬಾಗಿಲು ತೆಗೆದಳು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಬೆಳಕಿನ ಮೇಲಿಟ್ಟಳು. ಕೂಡಿದ ಅಂಡದಲ್ಲಿ ಮಾರನೆಯ ಬೆಳಿಗ್ಗೆ ನಟ್ಟನಡುವೆ ಎರಡು ಪುಟ್ಟ ವೃತ್ತ ಒತ್ತೊತ್ತಾಗಿ ಕಾಣುತ್ತವೆ, ಒಂದು ತಾಯಿಯದು, ಒಂದು ತಂದೆಯದು. ಅವಳು ಮೊದಲನೆಯದನ್ನು ನೋಡಿದಳು. ನುಣ್ಣಗೆ, ಬರಿದಾಗಿ, ನಿನ್ನೆ ಇದ್ದ ಹಾಗೇ ಇತ್ತು. ಕವಚಕ್ಕೂ ಪೊರೆಗೂ ನಡುವಿನ ಸಂದಿಯಲ್ಲಿ ವೀರ್ಯಾಣು ಬಾಲ ಮುದುಡಿ ಬಿದ್ದಿತ್ತು. ಮನೆಯವರೆಗೆ ಕರೆತಂದು ಜಗಲಿಯಲ್ಲೇ ಬಿಟ್ಟ ಹಾಗೆ. ಎರಡನೆಯದು, ಮೂರನೆಯದು. ಎಲ್ಲೋ ಒಂದಾದರೂ, ಅಕಸ್ಮಾತ್ತಾಗಿಯಾದರೂ, ತಾನಾಗಿಯೇ ಒಡೆದಿರಬಾರದೇ ಎಂದು ಈಗ ಅವಳು ಬೇಡುತ್ತಿದ್ದಳು. ಯಾರಲ್ಲಿ ಬೇಡುತ್ತಿದ್ದಾಳೆಂದು ಅವಳಿಗೂ ಗೊತ್ತಿರಲಿಲ್ಲ. ಏಳನೆಯದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಏನೂ ಇಲ್ಲ. ಈಗ ಮತ್ತೆ ಚುಚ್ಚಿ ಪ್ರಯೋಜನವಿಲ್ಲ, ಒಂದು ರಾತ್ರಿಯಲ್ಲಿ ಅಂಡಕ್ಕೆ ಮುಪ್ಪು ಬಂದುಬಿಡುತ್ತದೆ. ಇಷ್ಟು ಚೆನ್ನಾದ ಅಂಡಗಳನ್ನು ಅವಳು ಈಚೆಗೆ ಕಂಡಿರಲಿಲ್ಲ. ಒಂದಾದರೂ ಕೆಟ್ಟದಿದ್ದಿದ್ದರೆ ಸಮಾಧಾನವಿರುತ್ತಿತ್ತು.

ಡಾಕ್ಟರ್ ಚೂಡಾಮಣಿಗೆ ಫೋನಿನಲ್ಲಿ ವಿಷಯ ಹೇಳಿದಳು. ‘ಏಳೂ?’ ಎಂದರು. ‘ನೀನು ಪಕ್ಕದಲ್ಲಿದ್ಯಲ್ಲ ಸರ್ವಾ?’ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಇವಳು, ‘ಇದ್ದೆ ಮೇಡಂ, ಎಲ್ಲ ನೋಡ್ತಾನೇ ಇದ್ದೆ’ ಎಂದು ಅವಸರದಲ್ಲಿ ಎರಡು ಸಲ ಹೇಳಿದಳು. ಡಾಕ್ಟರಿಗೆ ಅದು ತಟ್ಟಲಿಲ್ಲ. ‘ಸರಿ. ಎಗ್ ಕ್ವಾಲಿಟಿ ಸರಿ ಇರ್ಲಿಲ್ಲ ಅಂತ ಹೇಳಿಬಿಡು. ಇನ್ನೇನ್ ಹೇಳೋಕಾಗತ್ತೆ? ಮುಂದಿನ ಸಲ ನೋಡೋಣ ಅನ್ನು’ ಎಂದು ಇಟ್ಟುಬಿಟ್ಟರು.

ಹೊರಗಿನ ಕಾರಿಡಾರಿನಲ್ಲಿ ಕಿಟಕಿಯ ಹತ್ತಿರ ನಿಂತು ನಂಬರು ಒತ್ತಿದಳು. ಕೆಳಗೆ ರಸ್ತೆಯಲ್ಲಿ ಎಳನೀರಿನವನು ಬುರುಡೆಗಳನ್ನು ಗಾಡಿಯ ಕೆಳಗೆ ಒತ್ತರಿಸುತ್ತಿದ್ದ. ಮೊದಲ ರಿಂಗಿಗೇ ಎತ್ತಿದರು.

‘ಅಕ್ಕ! ಹೇಳಿ ಅಕ್ಕ. ಇವರೂ ಅಂಗಡಿಗೆ ಹೋಗದೆ ಕೂತಿದ್ದಾರೆ. ಎಷ್ಟಾಯ್ತು?’

‘ಸ್ಪಂದನಾ, ಕೂತ್ಕೊಂಡಿದೀರಾ?’

ಆ ಕಡೆಯಿಂದ ಕುಕ್ಕರಿನ ಸದ್ದು ಮಾತ್ರ ಬರುತ್ತಿತ್ತು.

‘ಯಾವ್ದೂ ಆಗ್ಲಿಲ್ಲ’ ಎಂದಳು ಸರ್ವಮಂಗಳಾ.

‘ಒಂದೂ?’

‘ಒಂದೂ ಇಲ್ಲ.’

ಆ ಹುಡುಗಿ, ತಪ್ಪು ಮಾಡಿ ಸಿಕ್ಕಿಬಿದ್ದವಳ ದನಿಯಲ್ಲಿ, ‘ನನ್ ಎಗ್ಸ್ ಚೆನ್ನಾಗಿರ್ಲಿಲ್ವಾ ಅಕ್ಕ?’ ಎಂದಳು. ಡಾಕ್ಟರು ಹೇಳಿಕೊಟ್ಟ ಮಾತು ಬಾಯಲ್ಲಿ ಸಿದ್ಧವಾಗಿತ್ತು. ಹೌದು ಎಂದರೆ ಮುಗಿಯಿತು. ಹೌದು ಎಂದರೆ ಈ ಹುಡುಗಿ ಬದುಕಿಡೀ ತನ್ನ ಹೊಟ್ಟೆಯನ್ನು ತಾನೇ ಶಪಿಸುತ್ತಾಳೆ. ಸರ್ವಮಂಗಳಾಗೆ ಅದನ್ನು ಹೇಳಲಾಗಲಿಲ್ಲ. ಅಷ್ಟು ಮಾತ್ರ ಅವಳಿಂದ ಆಗಲಿಲ್ಲ.

‘ಇಲ್ಲ, ಇಲ್ಲ. ಎಗ್ಸ್ ತುಂಬ ಚೆನ್ನಾಗಿದ್ವು. ನಿಮ್ದೇನೂ ತಪ್ಪಿಲ್ಲ ಸ್ಪಂದನಾ. ತಪ್ಪಾಗಿದ್ದು ಇಲ್ಲಿ, ಕೈಯಲ್ಲಿ. ಮಾಡೋವಾಗ, ಮಾಡಿದವರ ಕೈ...’

‘ನೀವೇ ಮಾಡಿದ್ರಿ ಅಲ್ವಾ ಅಕ್ಕ?’

ಆ ಕೇಳುವಿಕೆಯಲ್ಲಿ ಅನುಮಾನವಿರಲಿಲ್ಲ. ಅದೇ ಅವಳನ್ನು ಕಟ್ಟಿಹಾಕಿದ್ದು. ಇಲ್ಲ, ನಾನಲ್ಲ, ನಿಮ್ಮತ್ತೆ ಬಳೆ ತೊಡಿಸಿ ಕೂರಿಸಿದ ಹುಡುಗಿ ಮಾಡಿದಳು ಎನ್ನಬಹುದಿತ್ತು. ಎರಡು ದಿನದಿಂದ ಅವಳು ಕಾದದ್ದು ಈ ಮಾತು ಹೇಳುವುದಕ್ಕೇ. ಆದರೆ ಅದರ ಹಿಂದೆಯೇ ಟೇಬಲಿನ ಮೇಲೆ ಮಲಗಿದ್ದ ಹುಡುಗಿಗೆ ತಲೆಯಾಡಿಸಿದ್ದು ಬರುತ್ತದೆ, ಮಾನಿಟರಿನ ಮುಂದೆ ನಿಂತು ಎಲ್ಲ ನೋಡಿದ್ದು ಬರುತ್ತದೆ. ಅರ್ಪಿತ ಮಾಡಿದಳು ಅನ್ನುವುದು ಸತ್ಯ ಹೇಗಾದೀತು? ಕೊಂದದ್ದು ಯಾರೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

‘ಹೂಂ’ ಎಂದಳು. ‘ನಾನೇ ಮಾಡಿದ್ದು.’

ಹೇಳಿದ ಮೇಲೆ ಅವಳಿಗೆ ತಿಳಿಯಿತು, ಆ ಕಡೆ ಫೋನು ಸ್ಪೀಕರಿನಲ್ಲಿದೆ. ಯಾರೋ ಸ್ಟೂಲು ಎಳೆದು ಕೂತ ಸದ್ದು. ಆಮೇಲೆ ಕಮಲಾದೇವಿಯ ದನಿ, ಬೈಗುಳವಿಲ್ಲ, ಕೋಪವೂ ಇಲ್ಲ, ಮುದುಕಿ ಸಾವಿನ ಮನೆಯಲ್ಲಿ ಮಾತಾಡುವಂತೆ ಮೆಲ್ಲಗೆ, ‘ನಾನ್ ಹೇಳಿದ್ನಲ್ಲ ಮಗಾ. ಡಾಕ್ಟ್ರು ಹೂಂ ಅಂದಿದ್ರು. ಆ ಹುಡುಗಿಗೆ ಬಳೆ ತೊಡಿಸಿದ್ನಲ್ಲ ನಾನು. ಯಾಕ್ ಹಿಂಗ್ ಮಾಡಿದ್ರು ನಮಗೆ?’ ಎಂದಳು. ಅದಕ್ಕೆ ಸ್ಪಂದನಾ ಅತ್ತಳು. ಅಳುತ್ತಲೇ, ಫೋನಿನಿಂದ ಮುಖ ಆಚೆ ತಿರುಗಿಸಿರಬೇಕು, ದೂರದಿಂದ ಬಂದ ಹಾಗೆ ಬಂತು ಮಾತು. ‘ಅವ್ರದೇನೂ ತಪ್ಪಿಲ್ಲ ಅತ್ತೆ. ನಾನೇ ಕೇಳ್ಕೊಂಡಿದ್ದು, ಅವ್ರೇ ಮಾಡ್ಲಿ ಅಂತ. ನೀವು ಹೇಳಿದ್ ಕೇಳ್ಬೇಕಿತ್ತು. ಏಳೂ ನಾನೇ ಹಾಳ್ ಮಾಡ್ಕೊಂಡೆ ಅತ್ತೆ.’

‘ಸ್ಪಂದನಾ’ ಎಂದಳು ಸರ್ವಮಂಗಳಾ. ‘ಸ್ಪಂದನಾ, ಕೇಳಿ ಇಲ್ಲಿ. ಸ್ಪಂದನಾ...’

ಫೋನ್ ಕಟ್ಟಾಗಿತ್ತು. ಮತ್ತೆ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು, ಚಿದಾನಂದ್ ಎತ್ತಿ, ‘ಆಮೇಲ್ ಮಾತಾಡೋಣ ಮೇಡಂ, ಅವಳು ಮಾತಾಡೋ ಸ್ಥಿತೀಲಿಲ್ಲ’ ಎಂದ. ಅವನ ದನಿಯಲ್ಲಿ ದುಃಖವಿತ್ತು. ದುಃಖದ ಅಡಿಯಲ್ಲಿ ಒಂದು ಹಗುರವೂ ಇದ್ದಂತೆ ಅವಳಿಗೆ ಕೇಳಿಸಿತು. ತನ್ನ ಕಡೆ ಯಾರೂ ಬೆರಳು ತೋರಿಸದ ಹಾಗೆ ಮುಗಿಯಿತಲ್ಲ ಎಂಬ ಹಗುರ. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಆ ಹಗುರದ ರುಚಿ ಅವಳಿಗೂ ಗೊತ್ತಿತ್ತು. ಇಡೀ ಊರಿನಲ್ಲಿ ಕಮಲಾದೇವಿಯ ಮಾತನ್ನು ನಾಚಿಕೆಯೆಂದು ತಿಳಿದಿದ್ದ ಒಂದೇ ಹುಡುಗಿಯನ್ನು, ತಾನು ಒಂದು ‘ಹೂಂ’ನಲ್ಲಿ ಅತ್ತೆಯ ಕಡೆಗೆ ದಾಟಿಸಿ ಬಂದಿದ್ದಳು.

ಮಧ್ಯಾಹ್ನಕ್ಕೆ ಇನ್ನೊಂದು ದಂಪತಿಯದಿತ್ತು. ಹೊಸಬರು, ಹುಳಿಮಾವಿನವರು. ಇವರ ಮನೆಯಲ್ಲಿ ಯಾರೂ ಏನೂ ಕೇಳಿರಲಿಲ್ಲ. ಅರ್ಪಿತ ಲ್ಯಾಬಿಗೆ ಬಂದು ತಟ್ಟೆ ಸಿದ್ಧ ಮಾಡಿ, ಎಂದಿನಂತೆ ಸರ್ವಮಂಗಳಾಳ ಕುರ್ಚಿಯನ್ನು ಅವಳ ಎತ್ತರಕ್ಕೆ ತಿರುಗಿಸಿಟ್ಟು ಪಕ್ಕಕ್ಕೆ ನಿಂತಳು. ಇವತ್ತು ಮಣಿಕಟ್ಟು ಬರಿದಾಗಿತ್ತು, ಬಳೆಯ ಗುರುತು ಮಾತ್ರ ಕೆಂಪಗೆ ಉಳಿದಿತ್ತು. ನಿನ್ನೆಯದು ಏನಾಯಿತೆಂದು ಅವಳಿಗೆ ಗೊತ್ತಾಗಿತ್ತು, ಕಣ್ಣು ಊದಿತ್ತು. ‘ಎಗ್ ಕ್ವಾಲಿಟಿ ಅಂದ್ರಂತಲ್ಲ ಡಾಕ್ಟ್ರು. ಪಾಪ ಅಲ್ವಾ ಮೇಡಂ’ ಎಂದಳು.

ಸರ್ವಮಂಗಳಾ ಕುರ್ಚಿಯ ತನಕ ಹೋದಳು. ಕೈ ಮುಂದೆ ಬರಲಿಲ್ಲ. ನಡುಗುತ್ತಿರಲಿಲ್ಲ, ನೋಯುತ್ತಿರಲಿಲ್ಲ, ಸುಮ್ಮನೆ ಬರಲಿಲ್ಲ. ವಿಜ್ಞಾನ ಓದಿದ ಕೈ, ಎಷ್ಟೋ ಮನೆಗಳಲ್ಲಿ ಈಗ ಓಡಾಡುತ್ತಿರುವ ಮಕ್ಕಳನ್ನು ಕೂಡಿಸಿದ ಕೈ, ಈ ಹೊಸ ಹೆಂಗಸಿನ ಅಂಡವನ್ನು ಮುಟ್ಟಲು ಹಿಂಜರಿಯುತ್ತಿತ್ತು. ಮುಟ್ಟಿದರೆ ಏನಾದೀತೋ ಎಂದು ಹಿಂಜರಿಯುತ್ತಿತ್ತು. ಸೋಪು ಹಚ್ಚಿ ಬಳೆ ಜಾರಿಸಿದ್ದು ನೆನಪಾಯಿತು. ಇವತ್ತೂ ಯಾರೂ ಕೇಳಿರಲಿಲ್ಲ.

‘ನೀನು ಕೂತ್ಕೋ’ ಎಂದಳು.

‘ನಾನಾ? ಇವರೇನೂ ಹೇಳಿಲ್ವಲ್ಲ ಮೇಡಂ?’

‘ಕೂತ್ಕೋ ಅರ್ಪಿತ. ನಾನು ಪಕ್ಕದಲ್ಲಿರ್ತೀನಿ.’

ಹುಡುಗಿ ಕೂತಳು. ಸರ್ವಮಂಗಳಾ ಹೆಸರುಗಳನ್ನು ಗಟ್ಟಿಯಾಗಿ ಓದಿ ಮಾನಿಟರಿನ ಕಡೆ ತಿರುಗಿದಳು. ಸೂಜಿ ಬಂತು. ಕವಚ ದಾಟಿತು. ಪೊರೆ ಬಾಗಿತು, ಬಾಗುತ್ತ ನಡುವಿನವರೆಗೂ ಹೋಯಿತು, ಒಡೆಯಲಿಲ್ಲ. ಅರ್ಪಿತ ಅಷ್ಟಕ್ಕೇ ಬಿಡಲು ಹೋದಳು.

‘ಇನ್ನೂ ಸ್ವಲ್ಪ ಎಳಿ’ ಎಂದಳು ಸರ್ವಮಂಗಳಾ. ‘ಒಡೀಲಿಲ್ಲ.’

ಅರ್ಪಿತ ಎಳೆದಳು. ಪೊರೆ ಒಡೆದು, ಅಂಡ ಕುಲುಕಿ, ಒಳಗಿನದು ಸರಕ್ಕನೆ ಸೂಜಿಗೆ ಬಂತು. ವೀರ್ಯಾಣು ಒಳಗೆ ಹೋಗಿ ಕೂತಿತು. ಸೂಜಿ ಹೊರಗೆ ಬಂದಮೇಲೂ ಅರ್ಪಿತ ಕಣ್ಣು ತೆಗೆಯಲಿಲ್ಲ. ಅವಳ ಬೆನ್ನು ನಿಧಾನಕ್ಕೆ ಸೆಟೆಯುತ್ತಿರುವುದು ಗೌನಿನ ಮೇಲೂ ತಿಳಿಯುತ್ತಿತ್ತು.

‘ಹೀಗೆ ಕುಲುಕ್ಬೇಕಾ ಮೇಡಂ?’ ಎಂದಳು. ‘ನಿನ್ನೆ ಒಂದ್ಸಲಾನೂ ಹೀಗಾಗ್ಲಿಲ್ಲ.’

ಸರ್ವಮಂಗಳಾ ಮಾನಿಟರನ್ನೇ ನೋಡುತ್ತಿದ್ದಳು.

‘ನಿನ್ನೆ ನೀವು ನೋಡ್ತಾ ಇದ್ರಲ್ವಾ ಮೇಡಂ?’

ಅರ್ಪಿತ ತಿರುಗಿ ನೋಡಿದಳು. ಟೋಪಿಗೂ ಮಾಸ್ಕಿಗೂ ನಡುವೆ ಕಣ್ಣೆರಡೇ ಕಾಣುತ್ತಿದ್ದವು. ಇವಳದೂ ಅಷ್ಟೇ ಕಾಣುತ್ತಿರಬೇಕು. ಸರ್ವಮಂಗಳಾ ಕಣ್ಣು ತಗ್ಗಿಸಿ, ತಟ್ಟೆಯ ಮೇಲೆ ಬರೆದಿದ್ದ ಹೆಸರುಗಳನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದಳು.